ವರದೆಯ ದಂಡೆಗೆ ಬಂದ ಹೂಜಿ ಗಿಡ

ಹುಬ್ಬಳ್ಳಿ–ಹಾವೇರಿ ರೈಲು ಹಾದಿಯಲ್ಲಿ ಕರ್ಜಗಿ ಒಂದು ಸಣ್ಣ ನಿಲ್ದಾಣ. ಕಿಟಕಿಯ ಬಳಿ ಕುಳಿತ ಪ್ರಯಾಣಿಕನಿಗೆ ಕಾಣುವುದು ವರದಾ ನದಿಯ ಸೇತುವೆ, ಎರೆಹೊಲಗಳು, ಗೋವಿನಜೋಳ, ಹತ್ತಿ, ಬದುವಿನ ಮೇಲಿನ ಜಾಲಿ ಗಿಡಗಳು. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಿಗೇ ಕರ್ಜಗಿಯ ಹೆಸರಿತ್ತು. 1997ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಅದು ಆ ಜಿಲ್ಲೆಯ ಒಂದು ಊರು, ಅಷ್ಟೆ. ಆದರೂ ಕಾರಹುಣ್ಣಿಮೆ ಬಂತೆಂದರೆ ಸುತ್ತಲಿನ ಹಳ್ಳಿಗಳೆಲ್ಲ ಕರ್ಜಗಿಯತ್ತ ಮುಖ ಮಾಡುತ್ತವೆ. ಸಿಂಗರಿಸಿದ ಎತ್ತುಗಳನ್ನು ನೋಡಲು ಜನ ಮಾಳಿಗೆಯ ಮೇಲೆಲ್ಲ ಹತ್ತಿ ನಿಂತಿರುತ್ತಾರೆ. ಇದು ಎತ್ತಿನ ಊರು, ಎರೆಮಣ್ಣಿನ ಊರು.

ಇಂಥ ಊರಿಗೆ ಎರಡು ವರ್ಷಗಳ ಹಿಂದಿನ ಜೂನ್ ತಿಂಗಳಲ್ಲಿ ನಾನು ನೊಣ ತಿನ್ನುವ ಗಿಡವೊಂದನ್ನು ತಂದೆ.

ಅದಕ್ಕೊಂದು ಕಾರಣವಿತ್ತು. ಕೀಟಾಹಾರಿ ಸಸ್ಯಗಳ ಪಾಠ ಬಂದಾಗಲೆಲ್ಲ ಕಪ್ಪು ಹಲಗೆಯ ಮೇಲೆ ಹೂಜಿ ಗಿಡದ ಚಿತ್ರ ಬರೆದು, ಮುಚ್ಚಳಕ್ಕೆ ಒಂದು ಗೆರೆ, ಹೂಜಿಗೆ ಒಂದು ಗೆರೆ ಎಳೆದು ಭಾಗಗಳನ್ನು ಗುರುತಿಸಿ ನನಗೆ ಇಪ್ಪತ್ತೈದು ವರ್ಷ ಮೀರಿದೆ. ಗಿಡವನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ. ಒಮ್ಮೆ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಸರ್ರ, ನೀವು ಇದನ್ನ ನೋಡೀರೇನ್ರಿ?” ಎಂದು ಕೇಳಿದ. “ಇಲ್ಲಪ್ಪ” ಎಂದೆ. ತರಗತಿ ಸುಮ್ಮನಾಯಿತು. ಅದೇ ಬೇಸಿಗೆಯಲ್ಲಿ ಮಗಳ ಮನೆಗೆಂದು ಬೆಂಗಳೂರಿಗೆ ಹೋದಾಗ ಒಂದು ನರ್ಸರಿಯಲ್ಲಿ ಹೂಜಿ ಗಿಡ ಕಂಡಿತು. ನಾಲ್ಕು ಹೂಜಿಗಳು ತೂಗಾಡುತ್ತಿದ್ದವು. ಬೆಲೆ ಕೇಳಿ ಒಂದು ಕ್ಷಣ ಹಿಂಜರಿದರೂ ಕೊಂಡೆ. ರೈಲಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಶಾಲೆಯಲ್ಲಿ ಅದೊಂದು ಜಾತ್ರೆಯೇ ಆಯಿತು. ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಸಾಲುಗಟ್ಟಿ ಬಂದರು. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: “ನೊಣ ಕುಂತ ಕೂಡಲೆ ಮುಚ್ಚಳ ಮುಚ್ಚತೈತೇನ್ರಿ?”

ಇಲ್ಲ, ಮುಚ್ಚುವುದಿಲ್ಲ. ಇದು ಬಹಳ ಜನರಲ್ಲಿರುವ ತಪ್ಪು ತಿಳಿವಳಿಕೆ. ಹೂಜಿಯ ಮುಚ್ಚಳ ಒಮ್ಮೆ ತೆರೆದರೆ ಮತ್ತೆ ಮುಚ್ಚದು. ಮಳೆಯ ನೀರು ತುಂಬಿ ಒಳಗಿನ ರಸ ತೆಳುವಾಗದಂತೆ ಅದು ಕೊಡೆಯ ಕೆಲಸ ಮಾಡುತ್ತದೆ. ಹೂಜಿ ಎಂಬುದು ಹೂವೂ ಅಲ್ಲ, ಕಾಯಿಯೂ ಅಲ್ಲ. ಎಲೆಯೇ ಮಾರ್ಪಾಡಾಗಿ ಆದದ್ದು. ಎಲೆಯ ನಡುನರ ತುದಿಯಿಂದಾಚೆ ಬಳ್ಳಿಯಂತೆ ಚಾಚಿಕೊಂಡು, ಅದರ ಕೊನೆಯ ಮೊಗ್ಗು ಗಾಳಿ ತುಂಬಿದಂತೆ ಉಬ್ಬಿ ಹೂಜಿಯಾಗುತ್ತದೆ. ಬಾಯಿಯ ಸುತ್ತ ನುಣುಪಾದ ಗೀರುಗಳ ಅಂಚು, ಅದರಲ್ಲಿ ಸಿಹಿರಸ. ಅಂಚು ಒಣಗಿದ್ದಾಗ ಇರುವೆ ಆರಾಮವಾಗಿ ಓಡಾಡಿ ಹೋಗುತ್ತದೆ. ಇಬ್ಬನಿಯಿಂದಲೋ ಮಳೆಯಿಂದಲೋ ಒದ್ದೆಯಾದಾಗ ಮಾತ್ರ ಅದರ ಮೇಲೆ ನೀರಿನ ತೆಳುಪದರ ಹರಡಿ, ಪಾಚಿಗಟ್ಟಿದ ಮೆಟ್ಟಿಲ ಮೇಲೆ ನಮ್ಮ ಕಾಲು ಜಾರುವಂತೆ ಇರುವೆಯ ಕಾಲು ಜಾರುತ್ತದೆ. ಒಳಗೋಡೆಗೆ ಮೇಣ ಬಳಿದಿರುವುದರಿಂದ ಹತ್ತಿ ಬರಲಾಗದು. ತಳದ ರಸದಲ್ಲಿ ಆಮ್ಲವೂ ಪ್ರೋಟೀನನ್ನು ಒಡೆಯುವ ಕಿಣ್ವವೂ ಇವೆ. ನಮ್ಮ ಜಠರದಲ್ಲಿ ನಡೆಯುವಂಥದೇ ಕೆಲಸ ಅಲ್ಲೂ ನಡೆಯುತ್ತದೆ. ಅಷ್ಟಾದರೂ ಕೆಲವು ಜಾತಿಯ ಸೊಳ್ಳೆಮರಿಗಳು ಅದೇ ರಸದಲ್ಲಿ ಏನೂ ಆಗದೆ ಬದುಕುತ್ತವೆ ಎಂಬುದು ಇನ್ನೊಂದು ಸೋಜಿಗ.

ಇದನ್ನೆಲ್ಲ ನಾನು ಮಕ್ಕಳಿಗೆ ಚೆನ್ನಾಗಿಯೇ ಹೇಳಿದೆ. ಗಿಡವನ್ನು ಬದುಕಿಸುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಎರೆಮಣ್ಣು, ಕೊಳವೆಬಾವಿ ನೀರು

ನರ್ಸರಿಯ ಕುಂಡದಲ್ಲಿ ಮಣ್ಣೇ ಇರಲಿಲ್ಲ. ತೆಂಗಿನ ನಾರು, ಇದ್ದಿಲು, ಒಂದಿಷ್ಟು ಒಣಪಾಚಿ. “ಪಾಪ, ಇದರಲ್ಲೇನು ಸತ್ವವಿದೆ?” ಎಂದುಕೊಂಡು ಜುಲೈನಲ್ಲಿ ದೊಡ್ಡ ಕುಂಡಕ್ಕೆ ಬದಲಾಯಿಸಿದೆ. ಒಳ್ಳೆಯ ಎರೆಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ದಿನಕ್ಕೆ ಒಂದು ತಂಬಿಗೆ ಕೊಳವೆಬಾವಿಯ ನೀರು. ನೋಡಿಕೊಳ್ಳುವ ಕೆಲಸವನ್ನು ಮೊದಲು ಪ್ರಶ್ನೆ ಕೇಳಿದ್ದನಲ್ಲ, ಅದೇ ಹುಡುಗನಿಗೆ ವಹಿಸಿದೆ. ಹೆಸರು ಬೇಡ; ರೈತನ ಮಗ, ಮಾತು ಕಡಿಮೆ. ಒಂದು ದಿನವೂ ತಪ್ಪಿಸದೆ ನೀರು ಹಾಕಿದ.

ದಸರೆಯ ಸೂಟಿ ಬಂತು. ಶಾಲೆಗೆ ಬೀಗ. ಕುಂಡವನ್ನು ಅವನೇ ಮನೆಗೆ ಒಯ್ದ. ಸೂಟಿ ಮುಗಿದು ಬಂದಾಗ ಗಿಡದ ಎಲೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಒಂದು ಹೂಜಿಯೂ ಉಳಿದಿರಲಿಲ್ಲ.

“ಏನ್ ಹಾಕಿದೀಯೋ ಇದಕ್ಕೆ?”

“ಚಿಟಿಕೆ ಯೂರಿಯಾ ಹಾಕೇನ್ರಿ ಸರ್ರ. ಎಲಿ ಹಳದಿ ಆಗಿತ್ತು. ಹೊಲದಾಗ ಬೆಳಿ ಹಳದಿ ಆದ್ರ ಅಪ್ಪ ಹಾಕ್ತಾನ್ರಿ.”

ನಾನು ಸಿಟ್ಟಿನಿಂದ ಬೈದೆ. ಕೇಳದೆ ಗೊಬ್ಬರ ಹಾಕಲು ನಿನಗೆ ಯಾರು ಹೇಳಿದರು, ಇಷ್ಟು ದೂರದಿಂದ ತಂದ ಗಿಡವನ್ನು ಕೊಂದೆಯಲ್ಲ ಎಂದು ಇಡೀ ತರಗತಿಯ ಎದುರು ಅಂದೆ. ಅವನು ತಲೆ ತಗ್ಗಿಸಿ ನಿಂತ. ಅಂದಿನಿಂದ ಪ್ರಯೋಗಾಲಯದ ಕಡೆ ಬರುವುದನ್ನೇ ಬಿಟ್ಟ. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವನು ಹಿಂದಿನ ಬೆಂಚಿಗೆ ಹೋದ. ಪ್ರಶ್ನೆ ಕೇಳುವುದೂ ನಿಂತಿತು.

ಒಂದು ತಿಂಗಳು ಕಳೆದು, ಸತ್ತ ಗಿಡವನ್ನು ಎಸೆಯಲೆಂದು ಕುಂಡವನ್ನು ಎತ್ತಿಕೊಂಡೆ. ಅಂಚಿನಲ್ಲಿ ಬೆರಳಿಗೆ ಏನೋ ಒರಟಾಗಿ ತಾಗಿತು. ನೋಡಿದರೆ ಸುತ್ತಲೂ ಬಿಳಿಯ ಪುಡಿ ಗಟ್ಟಿಯಾಗಿ ಅಂಟಿಕೊಂಡಿದೆ. ಇದು ಯೂರಿಯಾ ಅಲ್ಲ. ನಮ್ಮ ಮನೆಯ ನೀರು ಕಾಯಿಸುವ ಹಂಡೆಯ ಒಳಗೂ ಇದೇ ಇದೆ. ಮನಸ್ಸಿಗೆ ಕಸಿವಿಸಿಯಾಗಿ ಮೊಬೈಲಿನಲ್ಲಿದ್ದ ಗಣೇಶ ಚೌತಿಯ ಹೊತ್ತಿನ ಒಂದು ಫೋಟೊ ಹುಡುಕಿ ತೆಗೆದೆ. ಮಕ್ಕಳ ನಡುವೆ ಗಿಡವಿತ್ತು. ದಸರೆಗೆ ಎಷ್ಟೋ ಮೊದಲೇ ಎಲೆಗಳ ತುದಿ ಸುಟ್ಟಂತೆ ಕಂದಾಗಿತ್ತು, ಹೊಸ ಎಲೆಗಳಲ್ಲಿ ಹೂಜಿಯೇ ಇರಲಿಲ್ಲ. ಗಿಡ ಆಗಲೇ ಸಾಯುತ್ತಿತ್ತು. ನಾನು ನೋಡಿರಲಿಲ್ಲ.

ಆ ಸಂಜೆ ಒಂದು ಸರಳ ಪ್ರಯೋಗ ಮಾಡಿದೆ. ಯಾವ ಮನೆಯಲ್ಲಾದರೂ ಮಕ್ಕಳು ಇದನ್ನು ಮಾಡಬಹುದು. ಸ್ವಚ್ಛವಾದ ಎರಡು ಗಾಜಿನ ಪಟ್ಟಿ ತೆಗೆದುಕೊಂಡು, ಒಂದರ ಮೇಲೆ ಕೊಳವೆಬಾವಿಯ ನೀರಿನ ನಾಲ್ಕು ಹನಿ, ಇನ್ನೊಂದರ ಮೇಲೆ ಬ್ಯಾಟರಿ ಅಂಗಡಿಯಿಂದ ತಂದ ಭಟ್ಟಿ ಇಳಿಸಿದ ನೀರಿನ ನಾಲ್ಕು ಹನಿ ಹಾಕಿ ಬಿಸಿಲಿಗಿಟ್ಟೆ. ಆರಿದ ಮೇಲೆ ಎರಡನೆಯ ಗಾಜು ಮೊದಲಿನಂತೆಯೇ ಇತ್ತು. ಮೊದಲನೆಯದರ ಮೇಲೆ ಬಿಳಿಯ ಉಂಗುರಗಳು ಉಳಿದಿದ್ದವು. ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದ ಲವಣಗಳು. ಹುಬ್ಬಳ್ಳಿಯಿಂದ ಪೆನ್ನಿನಾಕಾರದ ಟಿಡಿಎಸ್ ಮೀಟರ್ ತರಿಸಿ ನಮ್ಮ ನೀರಿನಲ್ಲಿ ಅದ್ದಿದಾಗ ಅಂಕಿ ಸಾವಿರವನ್ನು ದಾಟಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮೇಲ್ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಹೂಜಿ ಗಿಡ ಬೆಳೆಸುವವರು ಬಯಸುವುದು 50ಕ್ಕಿಂತ ಕಡಿಮೆ.

ಹುಡುಗನ ಚಿಟಿಕೆ ಯೂರಿಯಾ ಗಿಡಕ್ಕೆ ಒಳ್ಳೆಯದೇನೂ ಮಾಡಿರಲಾರದು. ಆದರೆ ಮೂರು ತಿಂಗಳ ಕಾಲ ದಿನವೂ ತಂಬಿಗೆಗಟ್ಟಲೆ ಲವಣವನ್ನೂ ಸುಣ್ಣದ ಅಂಶದ ಎರೆಮಣ್ಣನ್ನೂ ತಿಪ್ಪೆಗೊಬ್ಬರವನ್ನೂ ಅದಕ್ಕೆ ಉಣಿಸಿದವನು ನಾನು. ಅವನು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದ.

ಮರುದಿನ ಎರಡು ಗಾಜಿನ ಪಟ್ಟಿಗಳನ್ನೂ ಆ ಫೋಟೊವನ್ನೂ ತರಗತಿಗೆ ಒಯ್ದೆ. ಬೈದದ್ದು ಎಲ್ಲರ ಎದುರಿಗೆ, ಆದ್ದರಿಂದ ಒಪ್ಪಿಕೊಳ್ಳುವುದೂ ಅಲ್ಲಿಯೇ ಆಗಬೇಕಿತ್ತು. “ಗಿಡ ಸತ್ತದ್ದು ನನ್ನ ತಪ್ಪಿನಿಂದ, ಇವನದಲ್ಲ” ಎಂದು ಹೇಳಿ, ಕಾರಣವನ್ನು ಪಾಠದಂತೆಯೇ ವಿವರಿಸಿದೆ. ಹೇಳುವಾಗ ಗಂಟಲು ಸ್ವಲ್ಪ ಕಟ್ಟಿತು. ಮೂವತ್ತು ವರ್ಷದ ಮೇಷ್ಟರಿಗೆ ಇದು ಸುಲಭದ ಪಾಠವಲ್ಲ. ಹುಡುಗ ಏನೂ ಅನ್ನಲಿಲ್ಲ. ಗಂಟೆ ಹೊಡೆದ ಮೇಲೆ ಬಂದು, ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, “ಸರ್ರ, ಮತ್ತ ಈ ಗಿಡ ಇದ್ದಲ್ಲಿ ನೀರು ಎಂಥಾದ್ದಿರತೈತ್ರಿ?” ಎಂದ.

ತವರು ಮೇಘಾಲಯ

ಅದಕ್ಕೆ ಉತ್ತರ ಹುಡುಕುತ್ತ ಕುಳಿತಾಗ ನಾನೂ ವಿದ್ಯಾರ್ಥಿಯಾದೆ. ಭಾರತದಲ್ಲಿ ಸಹಜವಾಗಿ ಬೆಳೆಯುವ ಹೂಜಿ ಗಿಡ ಒಂದೇ ಜಾತಿ, ನೆಪೆಂಥಿಸ್ ಖಾಸಿಯಾನಾ. ಮೇಘಾಲಯದ ಖಾಸಿ, ಜೈಂತಿಯಾ ಮತ್ತು ಗಾರೋ ಬೆಟ್ಟಗಳು ಅದರ ತವರು. ಗಾರೋ ಜನ ಅದನ್ನು ‘ಮೆಮಾಂಗ್ ಕೋಕ್ಸಿ’ ಎನ್ನುತ್ತಾರೆ, ಅಂದರೆ ದೆವ್ವದ ಬುಟ್ಟಿ. ಜೈಂತಿಯಾ ಜನರ ಹೆಸರಿಗೆ ಮುಚ್ಚಳವಿರುವ ನೊಣದ ಬಲೆ ಎಂಬ ಅರ್ಥವಿದೆ. ಗಾರೋ ಬೆಟ್ಟಗಳ ಬಾಗ್ಮಾರಾದಲ್ಲಿ ಈ ಗಿಡಕ್ಕಾಗಿಯೇ ಒಂದು ಪುಟ್ಟ ಅಭಯಾರಣ್ಯವಿದೆ.

1850ರಲ್ಲಿ ಖಾಸಿ ಬೆಟ್ಟಗಳಲ್ಲಿ ತಿರುಗಾಡಿದ್ದ ಸಸ್ಯವಿಜ್ಞಾನಿ ಜೋಸೆಫ್ ಹೂಕರ್, 1874ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಹೂಜಿ ಗಿಡ ಮೊಟ್ಟೆಯ ಬಿಳಿಯನ್ನೂ ಮಾಂಸದ ಚೂರನ್ನೂ ಕರಗಿಸಬಲ್ಲದೆಂದು ತೋರಿಸಿಕೊಟ್ಟ. ಮರುವರ್ಷವೇ, 1875ರಲ್ಲಿ, ಅವನ ಗೆಳೆಯ ಚಾರ್ಲ್ಸ್ ಡಾರ್ವಿನ್ ಕೀಟಾಹಾರಿ ಸಸ್ಯಗಳ ಬಗ್ಗೆ ಒಂದು ಪೂರ್ಣ ಪುಸ್ತಕ ಬರೆದ. ನಮ್ಮ ದೇಶದಲ್ಲೂ ಸಂಶೋಧನೆ ನಡೆದಿದೆ. ಕೇರಳದ ಪಾಲೋಡಿನಲ್ಲಿರುವ ಜವಾಹರಲಾಲ್ ನೆಹರೂ ಉಷ್ಣವಲಯ ಸಸ್ಯೋದ್ಯಾನದ ವಿಜ್ಞಾನಿಗಳು, ನೇರಳಾತೀತ ಬೆಳಕಿನಲ್ಲಿ ಹೂಜಿಯ ಬಾಯಂಚು ನೀಲಿಯಾಗಿ ಹೊಳೆಯುತ್ತದೆ, ಅದು ಕೀಟಗಳನ್ನು ಸೆಳೆಯುತ್ತದೆ ಎಂದು 2013ರಲ್ಲಿ ಪ್ರಕಟಿಸಿದರು.

ಗಿಡಕ್ಕೆ ನೊಣ ಏಕೆ ಬೇಕು? ಎಲ್ಲ ಹಸಿರು ಗಿಡಗಳಂತೆ ಇದೂ ಬಿಸಿಲಿನಿಂದ ತನ್ನ ಅನ್ನ ತಾನೇ ಬೇಯಿಸಿಕೊಳ್ಳುತ್ತದೆ. ಕೊರತೆ ಇರುವುದು ಸಾರಜನಕ, ರಂಜಕದಂಥ ಪೋಷಕಾಂಶಗಳದು. ಮೇಘಾಲಯದ ಆ ಬೆಟ್ಟಗಳಲ್ಲಿ ಸುರಿಯುವ ಮಳೆ ಎಂಥದೆಂದು ಚಿರಾಪುಂಜಿಯ ಹೆಸರು ಕೇಳಿದ ಮಕ್ಕಳಿಗೆಲ್ಲ ಗೊತ್ತು. ಸಾವಿರಾರು ವರ್ಷ ಸುರಿದ ಮಳೆ ಮಣ್ಣಿನ ಲವಣವನ್ನೆಲ್ಲ ತೊಳೆದು ಒಯ್ದಿದೆ. ಉಳಿದದ್ದು ಬಡ, ಹುಳಿ ಮಣ್ಣು. ಬೇರಿಗೆ ಸಿಗದ್ದನ್ನು ಗಿಡ ಎಲೆಯಿಂದ ಹಿಡಿಯುತ್ತದೆ. ಅದರ ಬೇರು ಬಡತನಕ್ಕೆ ಎಷ್ಟು ಒಗ್ಗಿಕೊಂಡಿದೆಯೆಂದರೆ ಸಮೃದ್ಧಿಯನ್ನು ತಾಳಲಾರದು. ಲವಣ ಹೆಚ್ಚಾದರೆ ಬೇರು ಸುಡುತ್ತದೆ. ಅಷ್ಟಾಗದೆ ಬದುಕಿ ಉಳಿದರೂ, ಬೇರಿಗೇ ಸಾರಜನಕ ಧಾರಾಳವಾಗಿ ಸಿಕ್ಕಾಗ ಗಿಡ ಹೂಜಿ ಕಟ್ಟುವ ಖರ್ಚನ್ನೇ ಕಡಿಮೆ ಮಾಡುತ್ತದೆ.

“ಅಂದ್ರ ನೋಡಾಕ ಮೇಘಾಲಯಕ್ಕ ಹೋಗಬೇಕೇನ್ರಿ?” ಎಂದು ಒಬ್ಬಳು ಕೇಳಿದಳು. ಹೂಜಿ ಗಿಡಕ್ಕಾದರೆ ಹೌದು. ಆದರೆ ಕೀಟ ಹಿಡಿಯುವ ಗಿಡಗಳು ಕರ್ನಾಟಕದಲ್ಲೂ ಇವೆ. ನಮ್ಮ ಕರ್ಜಗಿಯ ಪಕ್ಕದಲ್ಲಿ ಹರಿಯುವ ವರದೆಯೇ ಅವುಗಳ ನಾಡಿನಿಂದ ಬರುತ್ತಾಳೆ.

ನದಿಯ ಮೂಲದ ಕಡೆಗೆ

ಮುಂದಿನ ದಸರೆ ಸೂಟಿಯಲ್ಲಿ, ಪಾಲಕರ ಒಪ್ಪಿಗೆ ಪಡೆದು, ಆರು ಮಕ್ಕಳನ್ನೂ ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿಯನ್ನೂ ಕರೆದುಕೊಂಡು ಹೊರಟೆ. ಆ ಹುಡುಗ ಆಗ ಒಂಬತ್ತನೆಯ ತರಗತಿಯಲ್ಲಿದ್ದ. ಮೊದಲು ಹೆಸರು ಕೊಟ್ಟವನೇ ಅವನು.

ಕರ್ಜಗಿಯಿಂದ ಹಾವೇರಿ, ಅಲ್ಲಿಂದ ಹಾನಗಲ್ಲು, ಆನವಟ್ಟಿ, ಸೊರಬ, ಸಾಗರ. ಎಲ್ಲವೂ ಸರ್ಕಾರಿ ಬಸ್ಸಿನಲ್ಲಿ. ಹಾದಿಯೇ ಒಂದು ಭೂಗೋಳದ ಪಾಠ. ಹಾವೇರಿ ದಾಟುತ್ತಿದ್ದಂತೆ ಎರೆಯ ಕಪ್ಪು ತೆಳುವಾಗುತ್ತ ಬಂತು. ಹಾನಗಲ್ಲಿನ ಕಡೆ ಮಾವಿನ ತೋಪು, ಬತ್ತದ ಗದ್ದೆ, ಕೆರೆಗಳು. ಆನವಟ್ಟಿಯ ನಂತರ ಅಡಿಕೆ ತೋಟ ಕಾಣಿಸಿಕೊಂಡವು. ಮನೆಗಳ ಮಾಳಿಗೆ ಹೋಗಿ ಹೆಂಚು ಬಂತು. ಸೊರಬ ದಾಟಿದ ಮೇಲೆ ರಸ್ತೆಯ ಪಕ್ಕದ ಮಣ್ಣು ಕುಂಕುಮದಂತೆ ಕೆಂಪು. ಮಕ್ಕಳು ಪ್ರತಿ ನಿಲ್ದಾಣದಲ್ಲೂ ಇಳಿದು ಒಂದು ಹಿಡಿ ಮಣ್ಣು ಚೀಲಕ್ಕೆ ಹಾಕಿಕೊಂಡರು. ಕಂಡಕ್ಟರು ನಗುತ್ತಿದ್ದರು.

ಸಾಗರದಿಂದ ಕೆಲವೇ ಕಿಲೋಮೀಟರು ದೂರದಲ್ಲಿದೆ ವರದಾಮೂಲ, ಇಕ್ಕೇರಿಯ ಹತ್ತಿರ. ಮರಗಳ ನೆರಳಿನಲ್ಲಿ ಗುಡಿ, ಕಲ್ಲು ಕಟ್ಟಿದ ಕೊಳ, ತಣ್ಣನೆಯ ತಿಳಿನೀರು. ನಮ್ಮೂರಿನಲ್ಲಿ ಮಳೆಗಾಲದಲ್ಲಿ ಕೆಂಪಾಗಿ ಉಕ್ಕಿ ಹೊಲಕ್ಕೆ ನುಗ್ಗುವ ನದಿ ಇಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು. ಇಲ್ಲಿಂದ ಹೊರಟು ಬನವಾಸಿಯನ್ನು ಬಳಸಿ, ಕರ್ಜಗಿಯ ಸೇತುವೆ ದಾಟಿ, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಮಕ್ಕಳು ಮೊದಲು ಮಾಡಿದ ಕೆಲಸ ಮೀಟರನ್ನು ನೀರಿಗೆ ಅದ್ದಿದ್ದು. ಅಂಕಿ ನೂರನ್ನು ಮುಟ್ಟಲಿಲ್ಲ. “ನಮ್ಮೂರಾಗ ಈಕಿ ಇಷ್ಟು ಯಾಕ ಉಪ್ಪಾಗ್ತಾಳ್ರಿ?” ಎಂದಳು ಒಬ್ಬಳು. ದಾರಿಯುದ್ದಕ್ಕೂ ಮಣ್ಣು, ಗೊಬ್ಬರದ ಹೊಲಗಳು, ಊರುಗಳ ಬಚ್ಚಲು ಎಲ್ಲವನ್ನೂ ಕೂಡಿಸಿಕೊಂಡು ಬರುತ್ತಾಳಲ್ಲ ಎಂದೆ.

ಪರಿಚಯದವರೊಬ್ಬರು ತಮ್ಮ ಬೇಣಕ್ಕೆ ಕರೆದೊಯ್ದರು. ಅಡಿಕೆ ತೋಟದ ಮೇಲಿನ ಹುಲ್ಲುಗಾವಲಿಗೆ ಈ ಕಡೆ ಬೇಣ ಎನ್ನುತ್ತಾರೆ. ಜಂಬಿಟ್ಟಿಗೆಯ ಹಾಸುಬಂಡೆ, ಅದರ ಮೇಲೆ ಬೆರಳಿನಷ್ಟು ದಪ್ಪ ಮಣ್ಣು, ಮಳೆ ನಿಂತರೂ ಒಸರುತ್ತಿದ್ದ ನೀರು. ದೂರದಿಂದ ನೋಡಿದರೆ ಅಲ್ಲೇನೂ ಇರಲಿಲ್ಲ. ಅರ್ಧ ಗಂಟೆ ಹುಡುಕಿದೆವು. ನಾನು ಕನ್ನಡಕ ಒರೆಸುತ್ತಿದ್ದಾಗ ಆ ಹುಡುಗ ನೆಲಕ್ಕೆ ಮೊಣಕಾಲೂರಿ ಬಗ್ಗಿದ. “ಸರ್ರ, ಇಲ್ಲಿ ಬರ್ರಿ. ಕಾಲು ನೋಡಿ ಇಡ್ರಿ.”

ರೂಪಾಯಿ ನಾಣ್ಯದಷ್ಟಗಲದ ಒಂದು ಕೆಂಪು ಚಕ್ರ ನೆಲಕ್ಕೆ ಅಂಟಿಕೊಂಡಿತ್ತು. ಪ್ರತಿ ಎಲೆಯ ಮೇಲೂ ಕೂದಲೆಳೆಯಂಥ ಬೆರಳುಗಳು, ಪ್ರತಿ ಬೆರಳ ತುದಿಯಲ್ಲೂ ಒಂದು ಹನಿ. ಬೆಳಗಿನ ಹನ್ನೊಂದರ ಬಿಸಿಲಿನಲ್ಲೂ ಆರದ ಇಬ್ಬನಿ. ಅದು ಡ್ರಾಸೆರಾ ಬರ್ಮಾನಿ. ಆ ಹನಿ ನೀರಲ್ಲ, ಅಂಟು. ಒಂದು ಸಣ್ಣ ನುಸಿ ಸಿಕ್ಕಿಕೊಂಡಿತ್ತು. ಅಂಚಿನ ಬೆರಳುಗಳು ಅದರತ್ತ ಬಾಗಿ ಹಿಡಿದಿದ್ದವು. ಪಕ್ಕದಲ್ಲೇ ಗೇಣುದ್ದ ನೆಟ್ಟಗೆ ನಿಂತ ಡ್ರಾಸೆರಾ ಇಂಡಿಕಾ, ತುದಿಯಲ್ಲಿ ತಿಳಿಗೆಂಪು ಹೂ. ಇದೇ ಕುಲದ ಗಿಡದ ಮೇಲೆ ಡಾರ್ವಿನ್ ಮಾಂಸದ ಚೂರು, ಗಾಜಿನ ಚೂರು, ಕೂದಲಿನ ತುಂಡು ಎಲ್ಲವನ್ನೂ ಇಟ್ಟು ಪರೀಕ್ಷಿಸಿದ್ದ.

ನೀರು ಒಸರುವಲ್ಲೆಲ್ಲ ನೀಲಿ ಹೂಗಳ ಹಾಸು. ಯುಟ್ರಿಕ್ಯುಲೇರಿಯ. ಅದರ ಬೇಟೆ ನಮಗೆ ಕಾಣುವುದಿಲ್ಲ. ಒದ್ದೆ ಮಣ್ಣಿನೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳಿರುತ್ತವೆ. ಸೂಕ್ಷ್ಮಜೀವಿ ಬಾಗಿಲ ರೋಮವನ್ನು ಮುಟ್ಟಿದರೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ಗುಳ್ಳೆ ಅದನ್ನು ನೀರಿನ ಸಮೇತ ಹೀರಿಕೊಳ್ಳುತ್ತದೆ. ಸಸ್ಯಲೋಕದ ಅತಿ ವೇಗದ ಚಲನೆಗಳಲ್ಲಿ ಇದೊಂದು. ಬೇಣದ ಯಜಮಾನರು ಆ ಹೂಗಳನ್ನು ಹುಟ್ಟಿದಾಗಿನಿಂದ ನೋಡಿದವರು. ಅದು ಬೇಟೆಯಾಡುತ್ತದೆಂದು ತಿಳಿದು ದೊಡ್ಡದಾಗಿ ನಕ್ಕರು.

ಒಬ್ಬ ಹುಡುಗ ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ ಹಿಡಿದು, “ಒಂದು ಕಿತ್ಕೊಳ್ಳೋಣೇನ್ರಿ? ಸಾಲೀಗೆ ಬೇಕಲ್ಲ” ಎಂದ. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಹುಡುಗ ಹೇಳಿದ: “ಬ್ಯಾಡಲೇ. ಅಲ್ಲಿ ನಮ್ಮ ನೀರಿಗೆ ಸಾಯ್ತೈತಿ.”

ಎಲ್ಲರೂ ಚಿತ್ರ ಬರೆದುಕೊಂಡರು. ಫೋಟೊ ತೆಗೆದುಕೊಂಡರು. ಡಬ್ಬಿ ಖಾಲಿಯಾಗಿಯೇ ಊರಿಗೆ ಬಂತು.

ಮಳೆನೀರಿನ ಪೀಪಾಯಿ

ಈ ಪ್ರವಾಸಕ್ಕೆ ನಾಲ್ಕು ತಿಂಗಳ ಮೊದಲೇ ಎರಡನೆಯ ಹೂಜಿ ಗಿಡ ಶಾಲೆಗೆ ಬಂದಿತ್ತು. ಈ ಸಲ ಮೊದಲು ನೀರು, ಆಮೇಲೆ ಗಿಡ. ಕಾರಹುಣ್ಣಿಮೆಯ ಹೊತ್ತಿಗೆ ಮೃಗಶಿರಾ ಮಳೆ ಹಿಡಿಯುತ್ತದಲ್ಲ, ಆಗಲೇ ಶಾಲೆಯ ಸೂರಿನ ಕೆಳಗೆ ಪೀಪಾಯಿ ಇಟ್ಟೆವು. ಮೊದಲ ಎರಡು ಮಳೆಯ ನೀರನ್ನು ಮಾಳಿಗೆಯ ಧೂಳು ತೊಳೆಯಲು ಬಿಟ್ಟು, ಮೂರನೆಯ ಮಳೆಯಿಂದ ತುಂಬಿಕೊಂಡೆವು. ಮೀಟರ್ ಅದ್ದಿದರೆ ಎರಡಂಕಿ. ಸೊಳ್ಳೆ ಕೂರದಂತೆ ಬಾಯಿಗೆ ಬಟ್ಟೆ ಕಟ್ಟಿದೆವು. ಪೀಪಾಯಿಯ ಮೇಲೆ ಮಕ್ಕಳೇ ಬರೆದರು: ‘ಹೂಜಿ ಗಿಡಕ್ಕೆ ಮಾತ್ರ. ಕೈ ತೊಳೆಯಬಾರದು.’

ಬೆಳೆಸಲು ಬಯಸುವ ಮಕ್ಕಳಿಗೆ, ಅವರ ಪಾಲಕರಿಗೆ ನಾವು ಕಲಿತದ್ದನ್ನು ಹೇಳುತ್ತೇನೆ. ಕುಂಡಕ್ಕೆ ಹೊಲದ ಮಣ್ಣು ಬೇಡ, ಗೊಬ್ಬರ ಬೇಡವೇ ಬೇಡ. ತೆಂಗಿನ ಸಿಪ್ಪೆಯ ಸಣ್ಣ ತುಂಡು, ಇದ್ದಿಲು, ಸಿಕ್ಕರೆ ಸ್ಫ್ಯಾಗ್ನಮ್ ಪಾಚಿ ಸಾಕು. ತೆಂಗಿನ ಸಿಪ್ಪೆಯಲ್ಲೂ ಉಪ್ಪಿರುತ್ತದೆ. ಮಳೆನೀರಿನಲ್ಲಿ ನಾಲ್ಕಾರು ಸಲ ನೆನೆಸಿ ಹಿಂಡಿ ಬಳಸಬೇಕು. ಕುಂಡದ ತಳದಲ್ಲಿ ತೂತುಗಳಿರಲಿ. ಬುಡ ಸದಾ ತೇವವಾಗಿರಬೇಕು, ನೀರಿನಲ್ಲಿ ಮುಳುಗಿರಬಾರದು. ಮಳೆನೀರು ತೀರಿದರೆ ಭಟ್ಟಿ ಇಳಿಸಿದ ನೀರು. ಅದೂ ಇಲ್ಲದಿದ್ದರೆ ಊರಿನ ಶುದ್ಧ ನೀರಿನ ಘಟಕದ ನೀರನ್ನು ಮೀಟರಿನಲ್ಲಿ ಪರೀಕ್ಷಿಸಿ ಹಾಕಬಹುದು. ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ನೆರಳಿರುವ ಜಾಗ ಒಳ್ಳೆಯದು.

ನಮ್ಮ ಸೀಮೆಯ ನಿಜವಾದ ಕಷ್ಟ ಮಾರ್ಚಿಯಿಂದ ಮೇ ತನಕ. ಬ್ಯಾಡಗಿ ಮೆಣಸಿನಕಾಯಿಯನ್ನು ಒಣಗಿಸುವ ಗಾಳಿ ಹೂಜಿಯ ಮೊಗ್ಗನ್ನೂ ಒಣಗಿಸುತ್ತದೆ. ಗಾಳಿಯಲ್ಲಿ ತೇವವಿಲ್ಲದಿದ್ದರೆ ಬಳ್ಳಿಯ ತುದಿ ಉಬ್ಬದೆ ಕಪ್ಪಾಗಿ ಉದುರುತ್ತದೆ. ನಾವು ಕುಂಡವನ್ನು ಕುಡಿಯುವ ನೀರಿನ ಮಣ್ಣಿನ ಗಡಿಗೆಗಳ ನಡುವೆ ತೂಗುಹಾಕಿ, ಮೂರು ಕಡೆ ಒದ್ದೆ ಗೋಣಿತಟ್ಟು ಕಟ್ಟಿದೆವು. ಆದರೂ ಈ ಬೇಸಿಗೆಯಲ್ಲಿ ಐದು ಎಲೆಗಳಲ್ಲಿ ಹೂಜಿಯಾದದ್ದು ಎರಡರಲ್ಲೇ. ಬೇರೆ ಊರಿನ ಗಿಡದ ಚಿತ್ರ ನೋಡಿ ನಮ್ಮ ಗಿಡವನ್ನು ಅಳೆಯಬಾರದು.

ಮಕ್ಕಳಿಗೆ ಇರುವ ದೊಡ್ಡ ಆಸೆ ಗಿಡಕ್ಕೆ ಊಟ ಹಾಕುವುದು. ಮಾಂಸ, ಹಾಲು, ಅನ್ನ ಹಾಕಿದರೆ ಹೂಜಿ ಕೊಳೆಯುತ್ತದೆ. ಬಯಲಲ್ಲಿಟ್ಟ ಗಿಡಕ್ಕೆ ಬೇಕಾದ ಇರುವೆ ತಾವಾಗಿಯೇ ಬರುತ್ತವೆ. ಒಳಗಿನ ರಸವನ್ನು ಚೆಲ್ಲಬಾರದು. ಕೈತಪ್ಪಿ ಚೆಲ್ಲಿದರೆ ಕಾಲುಭಾಗದಷ್ಟು ಶುದ್ಧನೀರು ಹಾಕಿದರೆ ಸಾಕು. ಹಳೆಯ ಹೂಜಿ ಒಣಗುವುದು ಸಹಜ, ಹೊಸ ಎಲೆ ಬರುತ್ತಿದೆಯೇ ಎಂದಷ್ಟೇ ನೋಡಿ.

ಇನ್ನೊಂದು ಮಾತು. ಕಾಡಿನಿಂದ ಕಿತ್ತು ತಂದ ಗಿಡವನ್ನು ಯಾರೂ ಕೊಳ್ಳಬಾರದು. ಮೇಘಾಲಯದ ಜಾತಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಸಸ್ಯಗಳ ಪಟ್ಟಿಯಲ್ಲಿದೆ. ಅಂತರರಾಷ್ಟ್ರೀಯ ವ್ಯಾಪಾರದ ನಿಯಮದಲ್ಲೂ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ನರ್ಸರಿಗಳಲ್ಲಿ ಬೆಳೆಸಿದ ಮಿಶ್ರತಳಿಗಳು ಸಿಗುತ್ತವೆ, ನಮ್ಮದೂ ಅಂಥದೇ. ಕೊಳ್ಳುವಾಗ ಕೇಳಿ ತಿಳಿದುಕೊಳ್ಳಿ. ಇನ್ನು ಬೇಣದಲ್ಲಿ, ಗದ್ದೆಯ ಬದುವಿನಲ್ಲಿ ಕಾಣುವ ಡ್ರಾಸೆರಾ ಅಲ್ಲೇ ಚೆಂದ. ಹೋಗಿ, ಮೊಣಕಾಲೂರಿ ನೋಡಿ ಬನ್ನಿ.

ಆ ಹುಡುಗ ಈಗ ಹತ್ತನೆಯ ತರಗತಿ. ಪರೀಕ್ಷೆಯ ವರ್ಷವಾದ್ದರಿಂದ ಗಿಡದ ಕೆಲಸವನ್ನು ಎಂಟನೆಯ ತರಗತಿಯ ಇಬ್ಬರಿಗೆ ಒಪ್ಪಿಸಿದ್ದಾನೆ. ಒಪ್ಪಿಸುವ ದಿನ ಅವನು ಅವರಿಗೆ ಹೇಳುತ್ತಿದ್ದುದನ್ನು ಬಾಗಿಲಲ್ಲಿ ನಿಂತು ಕೇಳಿದೆ. ಮೊದಲು ಗಾಜಿನ ಪಟ್ಟಿ ತೋರಿಸಿದ, ಆಮೇಲೆ ಮೀಟರು, ಕೊನೆಗೆ ಪೀಪಾಯಿ. “ಎಲಿ ಹಳದಿ ಆದ್ರ ಏನೂ ಹಾಕಬ್ಯಾಡ್ರಿ. ಮೊದಲು ಬಂದು ಸರ್ರನ್ನ ಕೇಳ್ರಿ” ಎಂದ. ಒಂದು ಕ್ಷಣ ತಡೆದು, “ಸರ್ರಿಗೆ ಗೊತ್ತಿಲ್ಲಂದ್ರ ಅವರೂ ಹುಡುಕಿ ಹೇಳ್ತಾರ” ಎಂದು ಸೇರಿಸಿದ.

ಈ ವಾರ ಮಳೆಯಾಗಿದೆ. ಪೀಪಾಯಿ ಮುಕ್ಕಾಲು ತುಂಬಿದೆ. ಒಂದು ಹೊಸ ಎಲೆಯ ತುದಿಯಲ್ಲಿ ಹೆಸರುಕಾಳಿನಷ್ಟು ಮೊಗ್ಗು ಕಾಣಿಸಿಕೊಂಡಿದೆ.